ನೆರಳಿನ ಗಿಡ

"ಏ, ಇಳಿಸಬ್ಯಾಡ! ಇಳಿಸಬ್ಯಾಡ ಅಂದ್ರ! ಸತ್ತ ಮನಿ ಅದ ಇದು, ಲಗ್ನದ ಮನಿ ಅಲ್ಲ!"

ಜೂಲಿ ಕೂಗುತ್ತ ಗೇಟಿಗೆ ಓಡಿ ಬರುವಷ್ಟರಲ್ಲಿ, ಮಣ್ಣು ತುಂಬಿ ಸಸಿ ಇಟ್ಟ ಕರಿ ಪ್ಲಾಸ್ಟಿಕ್ ಚೀಲಗಳು ಟೆಂಪೋದಿಂದ ಒಂದೊಂದಾಗಿ ಇಳಿದು ಕಾಂಪೌಂಡಿನ ಗೋಡೆಗೆ ಒರಗಿ ಕುಳಿತಿದ್ದವು. ಟೆಂಪೋ ಓಡಿಸುವ ಸುಭಾನ ಕೈಯಲ್ಲಿದ್ದ ಚೀಲವನ್ನು ಎದೆಗವಚಿಕೊಂಡು ನಿಂತುಬಿಟ್ಟ. ಅವನದೇನೂ ತಪ್ಪಿಲ್ಲ. ಪೆಂಡಾಲು, ಸಾಲು ಕುರ್ಚಿ, ದೊಡ್ಡ ಪಾತ್ರೆಯಲ್ಲಿ ಕುದಿಯುವ ಚಹಾ, ಒಳಗಿನಿಂದ ಹತ್ತಾರು ದನಿಯ ಹಾಡು. ಇಷ್ಟೆಲ್ಲ ಇದ್ದರೆ ಯಾರೂ ಲಗ್ನವೆಂದೇ ತಿಳಿಯುತ್ತಾರೆ.

"ಯಾರ ತೀರ್ಕೊಂಡಾರ್ರಿ?"

"ನಮ್ಮ ಪಪ್ಪಾ."

"ಅಲ್ಲರಿ, ಇದು ಕಂಡಕ್ಟರ ಪೀಟರ ಸಾಹೇಬರ ಮನಿ ಹೌದಲ್ಲರಿ? ಇದನ್ನ ತರಿಸಿದವರು ಅವರೇ."

"ಅವರೇ ನಮ್ಮ ಪಪ್ಪಾ."

ಸುಭಾನ ಚೀಲವನ್ನು ಮೆಲ್ಲಗೆ ಕೆಳಗಿಟ್ಟು ತಲೆಯ ಟೋಪಿ ತೆಗೆದ. ಮುಂದೇನು ಮಾಡಬೇಕೆಂದು ತೋಚದೆ ಮತ್ತೆ ಹಾಕಿಕೊಂಡ.

ಬೀದರಿನ ಮೈಲೂರಿನಲ್ಲಿದ್ದ ನಿವೃತ್ತ ಕಂಡಕ್ಟರ ಪೀಟರ ಬುಧವಾರ ಮಧ್ಯಾಹ್ನ ಹೊಟ್ಟೆತುಂಬ ಉಂಡು ಮಲಗಿದವನು ಚಹಾಕ್ಕೆ ಏಳಲಿಲ್ಲ. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಭಾಲ್ಕಿಯಲ್ಲಿ ಶಾಲಾ ಶಿಕ್ಷಕಿಯಾಗಿರುವ ಮಗಳು ಜೂಲಿ ರಾತ್ರಿಯೇ ಬಂದಿದ್ದಳು. ಇವತ್ತು ಗುರುವಾರ, ಮಣ್ಣು ಮಾಡುವ ದಿನ. ಪೆಂಡಾಲಿನ ಕೆಳಗೆ ಪೆಟ್ಟಿಗೆಯಲ್ಲಿ ಮಲಗಿದ್ದ ಪೀಟರನ ಮುಖದಲ್ಲಿ, ಚಿಲ್ಲರೆ ಕೊಡುವುದನ್ನು ಮರೆತಂತೆ ನಟಿಸುವಾಗಿನ ಸಣ್ಣ ನಗೆ ಇನ್ನೂ ಉಳಿದಿತ್ತು.

ಗದ್ದಲ ಕೇಳಿ ಪಕ್ಕದ ಮನೆಯ ವತ್ಸಲಾಬಾಯಿ ಎದ್ದು ಬಂದಳು. ಬಗ್ಗಿ ಒಂದು ಚೀಲವನ್ನು ನೋಡಿದಳು. ಕಡುಹಸಿರಿನ, ಗಿಡ್ಡನೆಯ, ದಟ್ಟ ಗರಿಗಳ ಗುಚ್ಛ.

"ಅಗಬಾಯಿ! ಹುಲ್ಲು!"

ಆ ಒಂದು ಮಾತು ಪೆಂಡಾಲಿನ ತುಂಬ ಹರಿದಾಡಿತು. ಹಾಡುತ್ತಿದ್ದವರಲ್ಲಿ ಇಬ್ಬರು ಪಲ್ಲವಿ ಬಿಟ್ಟು ಕತ್ತು ಉದ್ದ ಮಾಡಿದರು. ಪೀಟರ ಹುಲ್ಲು ತರಿಸಿದ್ದಾನಂತೆ. ಪೀಟರ! ಹುಲ್ಲು!

"ಆಗಂಗಿಲ್ಲ," ಎಂದು ಮುನೀರೋದ್ದೀನ ಕುರ್ಚಿಯಿಂದ ಎದ್ದೇಬಿಟ್ಟ. ಪೀಟರ ಕಂಡಕ್ಟರನಾಗಿದ್ದ ಬಸ್ಸಿಗೆ ಕೊನೆಯವರೆಗೂ ಡ್ರೈವರನಾಗಿದ್ದವನು ಅವನು. "ಸೂರ್ಯ ಇವತ್ತ ಹುಮನಾಬಾದ ಕಡಿಂದ ಹುಟ್ಯಾನ ಅಂದ್ರ ನಂಬ್ತೇನಿ. ಇದು ಮಾತ್ರ ಆಗಂಗಿಲ್ಲ."

"ನೋಡ್ರಿ ಇಲ್ಲಿ, ಕಣ್ಣ ಮುಂದ ಅದ," ಎಂದಳು ವತ್ಸಲಾಬಾಯಿ.

ಜೂಲಿ ತಾಯಿಯ ಬಳಿ ಹೋಗಿ ಕಿವಿಯಲ್ಲಿ ಹೇಳಿದಳು. ಪೆಟ್ಟಿಗೆಯ ಪಕ್ಕ ಬಿಳಿ ಸೀರೆಯುಟ್ಟು ಕೂತಿದ್ದ ಮಾರ್ಗರೆಟ ಎದ್ದು ಗೇಟಿನತ್ತ ಬಂದಳು. ಮಿಷನ್ ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತಳಾದವಳು. ಓಣಿಗೆಲ್ಲ ಆಕೆ ಸಿಸ್ಟರ್. ಸಾವನ್ನು ಹತ್ತಿರದಿಂದ ಕಂಡು ಅಭ್ಯಾಸವಿದ್ದ ಆಕೆ ರಾತ್ರಿಯಿಂದ ಹದವಾಗಿ ಅತ್ತು, ಹದವಾಗಿ ಕೆಲಸ ಹೇಳುತ್ತ ಎಲ್ಲವನ್ನೂ ನಿಭಾಯಿಸಿದ್ದಳು. ಈಗ ಚೀಲಗಳನ್ನು ನೋಡುತ್ತ ನಿಂತವಳ ಮುಖ ಬಿಳಚಿಕೊಂಡಿತು.

"ನಾ ಹೇಳಿದ ಹುಲ್ಲು ಇದಲ್ಲ," ಎಂದಳು. "ಆದ್ರೂ ಹುಲ್ಲೇ."

"ನಿಮ್ಮ ಸಲುವಾಗಿ ಸೋತ್ರು ನೋಡ್ರಿ ಸಿಸ್ಟರ್," ಎನ್ನುತ್ತ ವತ್ಸಲಾಬಾಯಿ ಸೆರಗಿನಿಂದ ಕಣ್ಣೊರಸಿಕೊಂಡಳು. "ಕಡೀಗಿ ಸೋತ್ರು. ಎಷ್ಟ ಜೀವ ಇತ್ತರಿ ಅವರಿಗಿ ನಿಮ್ಮ ಮ್ಯಾಲ!"

ಸುತ್ತ ನಿಂತ ಹೆಂಗಸರೂ ಕಣ್ಣೊರಸಿಕೊಂಡರು. ಮಾರ್ಗರೆಟ ಮಾತ್ರ ಅಳಲಿಲ್ಲ.

"ನರ್ಸರಿ ಸೇಠಾ ಇವತ್ತೇ ನೆಲದಾಗ ಹಚ್ಚಿ ಬಾ ಅಂದಾನರಿ," ಎಂದ ಸುಭಾನ ಅಂಜುತ್ತ. "ತಿರುಗಿ ಒಯ್ಯಲೇನ್ರಿ?"

"ಹಚ್ಚು," ಎಂದಳು ಮಾರ್ಗರೆಟ. "ನಾವು ಮಣ್ಣಿಗಿ ಹೋಗಿ ಬರೋದರಾಗ ಹಚ್ಚಿ ಹೋಗು. ಅವರು ಹೇಳ್ಯಾರಲ್ಲ."

*

ಹುಲ್ಲು ಮತ್ತು ಗಿಡದ ಜಗಳ ಹುಟ್ಟಿದ್ದು ಪೀಟರ ನಿವೃತ್ತನಾಗಿ ಮನೆಯಲ್ಲಿ ಕೂತ ಮೊದಲ ಬೇಸಿಗೆಯಲ್ಲಿ. ಮನೆಯ ಮುಖ ಪಶ್ಚಿಮಕ್ಕೆ. ಮಧ್ಯಾಹ್ನ ಕಳೆದರೆ ಬಿಸಿಲು ಕೇಳದೆ ಕರೆಯದೆ ಪಡಸಾಲೆಗೇ ಬಂದು ಕೂರುತ್ತಿತ್ತು. ಅಂಗಳವೋ ಬೋಳು ನೆಲ.

"ಒಂದು ಬೇವಿನ ಗಿಡ ಹಚ್ಚಿದರ ಹ್ಯಾಂಗ?" ಎಂದ ಪೀಟರ ಚಹಾ ಕುಡಿಯುತ್ತ.

"ಬ್ಯಾಡರಿ. ಕಸಾ ಹೊಡಿಯೋರು ಯಾರು? ಖಟಕ ಚಿಂಚೋಳ್ಯಾಗ ನಮ್ಮ ಅಪ್ಪನ ಮನಿ ಮುಂದ ಹುಣಸಿ ಗಿಡ ಇತ್ತು. ಸಣ್ಣಾಕಿ ಇದ್ದಾಗಿಂದ ಎಲಿ ಬಳದು ಬಳದು ನನ್ನ ಸೊಂಟ ಹೋಗೇದ."

"ಮತ್ತ ಏನ ಹಚ್ಚೋಣು?"

ಮಾರ್ಗರೆಟಳ ಉತ್ತರ ಸಿದ್ಧವಾಗಿತ್ತು. ಒಮ್ಮೆ ಹೈದರಾಬಾದಿಗೆ ಹೋದಾಗ ಯಾವುದೋ ದೊಡ್ಡ ಕಟ್ಟಡದ ಮುಂದೆ ಒಂದು ಹುಲ್ಲು ನೋಡಿದ್ದಳು. ಸೊಂಟದೆತ್ತರ, ತುದಿಯಲ್ಲಿ ಮೆತ್ತನೆಯ ಗುಲಾಬಿ ತೆನೆ. ಬಸ್ಸು ತಪ್ಪುವಷ್ಟು ಹೊತ್ತು ನೋಡುತ್ತ ನಿಂತಿದ್ದಳು.

"ಚಂದದ ಹುಲ್ಲು ಹಚ್ಚೋಣ್ರಿ. ಸಣ್ಣ ಗಾಳಿಗೂ ತಲಿ ಆಡಸ್ತದ. ಎಲಿ ಉದುರಂಗಿಲ್ಲ, ಕಾಗಿ ಕೂಡಂಗಿಲ್ಲ, ಇರಬಿ ಏರಂಗಿಲ್ಲ."

"ಅದರ ಕೆಳಗ ಕೂಡಾಕ ಬರ್ತದೇನು?"

"ಹುಲ್ಲಿನ ಕೆಳಗ ಯಾಕ ಕೂಡಬೇಕು? ನೋಡಬೇಕು."

"ನೋಡಾಕ ನೀ ಇದ್ದಿ ಅಲ್ಲ."

ಈ ಮಾತಿಗೆ ಅವನಿಗೆ ಇನ್ನೊಂದು ಕಪ್ ಚಹಾ ಸಿಕ್ಕಿತು, ಗಿಡ ಸಿಗಲಿಲ್ಲ.

ಪೀಟರನಿಗೆ ಗಿಡವೆಂದರೆ ಬರಿ ಗಿಡವಲ್ಲ. ಅವನ ಆಯುಷ್ಯವೆಲ್ಲ ಔರಾದ ಗಾಡಿಯಲ್ಲಿ ಕಳೆದಿತ್ತು. ಆ ದಾರಿಯಲ್ಲಿ ಸ್ಟಾಪು ಎಂದರೆ ಗಿಡವೇ. 'ಆಲದ ಗಿಡಕ್ಕ ಒಂದು ಕೊಡ್ರಿ', 'ಜೋಡ ಬೇವಿಗಿ ಎರಡು' ಎಂದೇ ಜನ ತಿಕೀಟು ಕೇಳುತ್ತಿದ್ದರು. ಕೂಸು ಎತ್ತಿಕೊಂಡು ಹತ್ತಿದ ಹೆಂಗಸಿಗೆ, ಕೋಲೂರುವ ಮುದುಕರಿಗೆ ಅವನು ಮೊದಲು ಹೇಳುತ್ತಿದ್ದದ್ದು, "ಎಡಕ್ಕ ಕೂಡ್ರಿ, ಬಲಕ್ಕ ಬಿಸಿಲು ಬೀಳ್ತದ." ಬೆಳಿಗ್ಗೆ ಔರಾದಿಗೆ ಹೋಗುವಾಗಲೂ ನೆರಳು ಎಡಕ್ಕೆ, ಸಂಜೆ ಬೀದರಿಗೆ ತಿರುಗಿ ಬರುವಾಗಲೂ ಎಡಕ್ಕೇ. ಇದು ಪೀಟರ ತಾನೇ ಕಂಡುಹಿಡಿದ ಶಾಸ್ತ್ರ. ಕೇಳದವರಿಗೂ ವಿವರಿಸುತ್ತಿದ್ದ. ಅಂಥವನು ತನ್ನ ಮನೆಯಲ್ಲೇ ಬಿಸಿಲಿಗೆ ಕೂರಬೇಕೆಂದರೆ!

ಹಾಗಾಗಿ ಅವನು ಕಳ್ಳದಾರಿ ಹಿಡಿದ. ಮಾರ್ಗರೆಟ ಖಟಕ ಚಿಂಚೋಳಿಗೆ ತಂಗಿಯ ಮನೆಗೆ ಹೋದ ದಿನ ಒಂದು ಬೇವಿನ ಸಸಿ ತಂದು ಅಂಗಳದ ನಡುವೆ ಹಚ್ಚಿದ. ಸಂಜೆ ಬಂದವಳು ನೋಡಿದಳು. ಕೂಗಾಡಲಿಲ್ಲ. ಬೇರಿನ ಮಣ್ಣು ಉದುರದಂತೆ ಹುಷಾರಾಗಿ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ, ಎತ್ತಿಕೊಂಡು ಹೋಗಿ ವತ್ಸಲಾಬಾಯಿಯ ಬಾಗಿಲ ಮುಂದೆ ನೆಟ್ಟು ನೀರು ಹಾಕಿ ಬಂದಳು.

"ಜೀವ ಇದ್ದದ್ದನ್ನ ನಾ ಕೊಲ್ಲಂಗಿಲ್ಲ," ಎಂದಳು. "ಆದ್ರ ನನ್ನ ಅಂಗಳದಾಗ ಬ್ಯಾಡ."

ಮುಂದಿನ ಮಳೆಗಾಲದ ಹೊಂಗೆ ಚರ್ಚಿನ ಕಾಂಪೌಂಡಿಗೆ ಹೋಯಿತು. ಅದರ ಮುಂದಿನ ವರ್ಷದ ಬಾದಾಮಿ ಮುನೀರೋದ್ದೀನನ ಗೇಟಿಗೆ. "ಪೀಟರನ ಗಿಡಕ್ಕ ಭಾಭಿ ಗಡಿಪಾರ ಶಿಕ್ಷಾ ಕೊಟ್ಟಾರ," ಎಂದು ಮುನೀರೋದ್ದೀನ ಓಣಿಯೆಲ್ಲ ಸಾರಿ ಬಂದ. ಪೀಟರನೂ ಸುಮ್ಮನೆ ಕೂತವನಲ್ಲ. ಒಮ್ಮೆ ಮಾರ್ಗರೆಟ ಎಲ್ಲಿಂದಲೋ ಚಂದದ ಹುಲ್ಲಿನ ಬೇರು ತಂದು ನೆಟ್ಟಾಗ, ಅವನು ಗೇಟು ಹಾಕುವುದನ್ನು ಮರೆತ, ಯಾರದೋ ಆಡು ಬಂದು ಮೇಯ್ದು ಹೋಯಿತು. ಜೀವಮಾನವೆಲ್ಲ ಬಸ್ಸಿನ ಬಾಗಿಲು ಹಾಕಿದ ಮನುಷ್ಯ ಗೇಟು ಮರೆಯುತ್ತಾನೆಯೇ ಎಂದು ಮಾರ್ಗರೆಟ ವಾರವಿಡೀ ಕೇಳಿದಳು.

ನಿಜ ಹೇಳಬೇಕೆಂದರೆ ಇಬ್ಬರಿಗೂ ಆ ಜಗಳ ಬೇಕಾಗಿತ್ತು. ಸಂಜೆಯ ಚಹಾಕ್ಕೆ ಅದಿಲ್ಲದಿದ್ದರೆ ರುಚಿಯಿರುತ್ತಿರಲಿಲ್ಲ. ಅಂಗಳ ಮಾತ್ರ ಬೋಳಾಗಿಯೇ ಉಳಿಯಿತು.

*

ಪೆಟ್ಟಿಗೆಯನ್ನು ವ್ಯಾನಿಗೆ ಏರಿಸಿದರು. ಓಣಿಯ ಕೊನೆಯವರೆಗೆ ಎಲ್ಲರೂ ಹಿಂದೆ ನಡೆಯುವುದು, ಅಲ್ಲಿಂದ ಗಾಡಿಗಳಲ್ಲಿ ಚರ್ಚಿಗೆ ಹೋಗುವುದು ಎಂದು ಪಾಸ್ಟರು ಹೇಳಿದರು. ವ್ಯಾನಿನ ಡ್ರೈವರು ಇಂಜಿನ್ ಚಾಲೂ ಮಾಡಿದ. ಮುನೀರೋದ್ದೀನ ಓಡಿಹೋಗಿ ಕಿಟಕಿಗೆ ಕೈಯಿಟ್ಟ.

"ತಡಿ ಬೇಟಾ, ತಡಿ. ಅಂವ ರೈಟ್ ಅನ್ನದ ನಾ ಎಂದೂ ಗಾಡಿ ಎತ್ತಿಲ್ಲ."

ಡ್ರೈವರು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಮುನೀರೋದ್ದೀನನಿಗೆ ತಾನು ಏನು ಹೇಳಿದೆನೆಂದು ಆಮೇಲೆ ತಿಳಿದಿರಬೇಕು. ಮೂಗು ಸೊರಸೊರ ಮಾಡಿ, ವ್ಯಾನಿನ ತಗಡನ್ನು ತಾನೇ ಎರಡು ಸಲ ಬಡಿದ. "ರೈಟ್!" ಎಂದ. ಅಳುತ್ತಿದ್ದವರೂ ಕಿಸಕ್ಕನೆ ನಕ್ಕರು. ವ್ಯಾನು ಹೊರಟಿತು.

ಏಪ್ರಿಲ್ ಬಿಸಿಲು. ಆದರೆ ನಡೆಯುವವರ ತಲೆಯ ಮೇಲೆ ಅಷ್ಟೇನೂ ಬೀಳಲಿಲ್ಲ. ವತ್ಸಲಾಬಾಯಿಯ ಮನೆ ಮುಂದಿನ ಬೇವು ರಸ್ತೆಯ ಅರ್ಧಕ್ಕೆ ಚಾಚಿಕೊಂಡಿತ್ತು. ಅದರಾಚೆ ಮುನೀರೋದ್ದೀನನ ಗೇಟಿನ ಬಾದಾಮಿ. ಅದರಾಚೆ ಇನ್ನೂ ಎರಡು ಮೂರು, ಯಾವ ವರ್ಷದವೆಂದು ಮಾರ್ಗರೆಟಳಿಗೂ ನೆನಪಿಲ್ಲ. ಪೀಟರ ಕದ್ದು ಹಚ್ಚಿದ, ಆಕೆ ಓಡಿಸಿದ ಗಿಡಗಳೆಲ್ಲ ಓಣಿಯುದ್ದಕ್ಕೂ ಬೆಳೆದು ನಿಂತಿದ್ದವು.

"ನೋಡ್ರಿ ಭಾಭಿ," ಎಂದ ಪಕ್ಕದಲ್ಲಿ ನಡೆಯುತ್ತಿದ್ದ ಮುನೀರೋದ್ದೀನ. "ಅಂವಗ ನೆರಳಾಗೇ ಕಳಸ್ತಾ ಇದ್ದೇವಿ. ಎಡಕ್ಕೂ ನೆರಳು, ಬಲಕ್ಕೂ ನೆರಳು."

ಮಾರ್ಗರೆಟ ನಡೆಯುವುದನ್ನು ನಿಲ್ಲಿಸಿದಳು. ಗಂಟೆಗಟ್ಟಲೆ ಹಲ್ಲು ಕಚ್ಚಿ ಹಿಡಿದಿದ್ದ ಮಾತು ಹೊರಬಿತ್ತು.

"ಭಾಯ್, ಅವರಿಗಿ ಗೊತ್ತಾಗಿತ್ತೇನ್ರಿ?"

"ಏನು?"

"ಹೋಗೋದು. ನಿಮಗ ಏನರೆ ಹೇಳಿದ್ರೇನು? ಎದಿನೋವು, ದಮ್ಮು, ಏನರೆ?"

"ಇಲ್ಲರಿ ಭಾಭಿ. ಮೊನ್ನೆ ಬಸಸ್ಟ್ಯಾಂಡಿನ್ಯಾಗ ಸಂಗಾಟ ಚಹಾ ಕುಡದೇವಿ. ಗುಂಡಕಲ್ಲಿನಂಗ ಇದ್ದ."

"ಹಂಗಾದ್ರ ಹುಲ್ಲು ಯಾಕ ತರಿಸಿದ್ರು? ಅವರು ಸೋಲೋ ಮನಷ್ಯಾ ಏನ್ರಿ? ನನಗ ಬಿಟ್ಟು ಹೋಗ್ತೇನಿ ಅಂತ ಗೊತ್ತಾಗೇ ಸೋತಾರ. ಆಕಿ ಮನಸ್ಸಿನಂಗ ಮಾಡಿ ಹೋಗೋಣು ಅಂದಾರ. ನನಗ ಮಾತ್ರ ಹೇಳಲಿಲ್ಲ." ಆಕೆ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಎಷ್ಟ ಮಂದಿ ನಾಡಿ ಹಿಡದೇನಿ ನಾ. ಬಾಜೂಕ ಮಲಗಿದವರು ಒಳಗ ನೋವು ತಿನ್ನೋದು ನನಗ ತಿಳೀಲಿಲ್ಲ."

ಮುನೀರೋದ್ದೀನ ಅತ್ತ ಇತ್ತ ನೋಡಿ, ಕೈಯಲ್ಲಿದ್ದ ಛತ್ರಿ ಬಿಚ್ಚಿ ಆಕೆಯ ತಲೆಯ ಮೇಲೆ ಹಿಡಿದ.

*

ಪೀಟರ ಸಾಯುವ ಹಿಂದಿನ ದಿನ, ಮಂಗಳವಾರ ಸಂಜೆ. ಜೋಳದ ರೊಟ್ಟಿ, ಪುಂಡಿಪಲ್ಯ. ಪೀಟರ ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ತಿಂದ. ತಿನ್ನುವಾಗ ಕೇಳಿದ:

"ಗುರುವಾರ ತಂಗಿ ಮನಿಗಿ ಹೋಗ್ತಿ ಹೌದಿಲ್ಲೋ?"

"ಹೋಗ್ತೇನಿ. ಯಾಕ?"

"ಏನಿಲ್ಲ, ಸುಮ್ನ ಕೇಳಿದೆ."

ಕೈ ತೊಳೆದ ಮೇಲೆ ಮತ್ತೆ ಕೇಳಿದ. ಹಾಸಿಗೆ ಹಾಸುವಾಗ ಮತ್ತೆ.

"ಮುಂಜಾನಿ ಗಾಡಿಗೇ ಹೋಗು. ಭಾಲ್ಕ್ಯಾಗ ಇಳದು ಜೂಲಿಗೂ ಮಾರಿ ತೋರಿಸಿ ಹೋಗು. ಬರೋದಕ್ಕ ಅವಸರ ಮಾಡಬ್ಯಾಡ, ಸಂಜಿ ಗಾಡಿ ಅದ ಅಲ್ಲ."

"ನಿಮ್ಮ ಊಟ?"

"ವತ್ಸಲಾಬಾಯಿ ಕೊಡ್ತಾಳ. ನಾ ಆರಾಮ ಇದ್ದೇನಿ, ನನ್ನ ಕಾಳಜಿ ಮಾಡಬ್ಯಾಡ." ಹೀಗೆಂದು ಅವನು ಆಕೆಯ ಕೈಯನ್ನು ಮೆತ್ತಗೆ ತಟ್ಟಿದ.

ಯಾರೂ ಕೇಳದೆ 'ನಾ ಆರಾಮ ಇದ್ದೇನಿ' ಎನ್ನುವ ರೋಗಿಯನ್ನೇ ಮೊದಲು ನೋಡಬೇಕೆಂದು ಹೊಸ ನರ್ಸುಗಳಿಗೆ ಹೇಳಿಕೊಡುತ್ತಿದ್ದವಳು ಮಾರ್ಗರೆಟ. ಆ ಸಂಜೆ ಆಕೆಗೆ ನಿದ್ದೆ ಬಂದಿತ್ತು. ದೀಪ ಆರಿಸಿ ಮಲಗಿದಳು.

*

ಚರ್ಚಿನಲ್ಲಿ ಪಾಸ್ಟರು ಪೀಟರನ ಗುಣಗಾನ ಮಾಡಿದರು. ಗುಣಗಾನ ಮಾಡುವಂಥ ದೊಡ್ಡ ಕೆಲಸ ಯಾವುದೂ ಸಿಗದೆ, ಬಸ್ಸಿನಲ್ಲಿ ಅವನು ತನಗೆ ಒಮ್ಮೆ ನೆರಳಿನ ಸೀಟು ಕೊಡಿಸಿದ್ದನ್ನೇ ಹೇಳಿದರು. ಜನ ತಲೆಯಾಡಿಸಿದರು. ಅರ್ಧ ಚರ್ಚಿಗೆ ಅವನು ಆ ಸೀಟು ಕೊಡಿಸಿದ್ದ. ಸಮಾಧಿಯಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಮಾರ್ಗರೆಟ ಹಾಕುವಾಗ ಮೆಲ್ಲಗೆ ಏನೋ ಅಂದಳು. ಜೂಲಿಗೆ ಮಾತ್ರ ಕೇಳಿಸಿತು: "ಯಾಕ ಹೇಳಲಿಲ್ಲರಿ?"

ಮನೆಗೆ ಮರಳಿದಾಗ ಮಧ್ಯಾಹ್ನ ಕಳೆದಿತ್ತು. ಸುಭಾನ ಹುಲ್ಲನ್ನೆಲ್ಲ ಸಾಲುಸಾಲಾಗಿ ಹಚ್ಚಿ, ನೀರು ಹಾಕಿ ಹೋಗಿದ್ದ. ಪೆಂಡಾಲಿನ ನೆರಳಲ್ಲಿ ಅಂಗಳ ತುಂಬ ಹಸಿರು. ವತ್ಸಲಾಬಾಯಿ ಎಲ್ಲರಿಗೂ ರೊಟ್ಟಿ, ಬ್ಯಾಳಿ ಬಡಿಸಿದಳು. ಮಾರ್ಗರೆಟ ತಟ್ಟೆ ಮುಟ್ಟಲಿಲ್ಲ. ಪಡಸಾಲೆಯ ಮೆಟ್ಟಿಲಲ್ಲಿ ಕೂತು ಆ ಹುಲ್ಲನ್ನೇ ನೋಡುತ್ತಿದ್ದಳು. ವರ್ಷಗಟ್ಟಲೆ ಬಯಸಿದ ಗೆಲುವು ಕಾಲ ಬಳಿ ಬಂದು ಬಿದ್ದಿತ್ತು, ಆಕೆಗೆ ಅದು ಬೇಡವಾಗಿತ್ತು.

"ತಿನ್ನು ಮಮ್ಮಿ," ಎಂದಳು ಜೂಲಿ. "ನಿನ್ನ ಮ್ಯಾಲಿನ ಪ್ರೀತಿಗಿ ತರಿಸ್ಯಾರ. ಖುಷಿ ಪಡಬೇಕು."

"ಪ್ರೀತಿ ಇದ್ದಿದ್ರ ಜಗಳಾ ಆಡ್ತಿದ್ರು," ಎಂದಳು ಮಾರ್ಗರೆಟ.

ಪೆಂಡಾಲಿನವರು ಬಂದು ಹಗ್ಗ ಬಿಚ್ಚಿದರು. ಬಟ್ಟೆ ಕೆಳಗಿಳಿದದ್ದೇ ತಡ, ಪಶ್ಚಿಮದ ಬಿಸಿಲು ಅಂಗಳಕ್ಕೆ ನುಗ್ಗಿತು. ಅದೇ ಹೊತ್ತಿಗೆ ಗೇಟಿನ ಮುಂದೆ ಬೈಕು ನಿಲ್ಲಿಸಿ ಒಬ್ಬ ಯುವಕ ಒಳಗೆ ಬಂದ. ನೌಬಾದದಲ್ಲಿ ಹೊಸದಾಗಿ ನರ್ಸರಿ ಇಟ್ಟವನು. ಮಂಡ್ಯದ ಕಡೆಯವನಾದ್ದರಿಂದ ಜನ ಅವನನ್ನು ಮಂಡ್ಯಾ ಎಂದೇ ಕರೆಯುತ್ತಿದ್ದರು. ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ಸುಭಾನನಿಂದ ಸುದ್ದಿ ತಿಳಿದು ಮಾತಾಡಿಸಲು ಬಂದವನು ಕೈ ಮುಗಿಯುತ್ತ ಎರಡು ಹೆಜ್ಜೆ ನಡೆದು, ಅಂಗಳ ನೋಡಿ ಅಲ್ಲೇ ನಿಂತ. ಮುಗಿದ ಕೈ ತಲೆಯ ಮೇಲೆ ಹೋಯಿತು.

"ಅಯ್ಯಯ್ಯೋ! ಇಲ್ಲಿ ನೆರಳೇ ಇಲ್ವಲ್ಲಮ್ಮಾ! ಸಾರ್ ನೆರಳಿನ ಗಿಡ ಅಂದಿದ್ರು!"

ರೊಟ್ಟಿ ಮುರಿಯುತ್ತಿದ್ದ ಮುನೀರೋದ್ದೀನನ ಕೈ ನಿಂತಿತು.

"ಏನಂದ್ರು?" ಎಂದಳು ಮಾರ್ಗರೆಟ.

"ನೆರಳಿನ ಗಿಡ ಬೇಕು ಅಂದ್ರಮ್ಮಾ, ಫೋನಲ್ಲಿ. ಅದಕ್ಕೇ ಈ ಹುಲ್ಲು ಕಳಿಸ್ದೆ. ನೆರಳಲ್ಲಿ ಬೆಳೆಯೋ ಗಿಡಗಳಲ್ಲಿ ಇದಕ್ಕಿಂತ ಚೆನ್ನಾಗಿರೋದು ನನ್ನ ಹತ್ರ ಇಲ್ಲ. ಈ ಬಿಸಿಲಿಗೆ ಹಾಕಿದ್ರೆ ಸುಟ್ಟೋಗುತ್ತೆ."

ಬೀದರಿನಲ್ಲಿ 'ನೆರಳಿನ ಗಿಡ' ಎಂದರೆ ಯಾವ ಮಗುವಿಗೂ ಅನುಮಾನ ಬರುವುದಿಲ್ಲ. ಇಲ್ಲಿ ಕುಂಡದಲ್ಲಿರುವುದೂ ಗಿಡ, ಊರಿಗೆ ನೆರಳು ಕೊಡುವ ಆಲವೂ ಗಿಡ. ನೆರಳು ಕೊಡುವುದು ನೆರಳಿನ ಗಿಡ. ನೆರಳನ್ನು ಬೇಡುವ ಗಿಡವೂ ಇರುತ್ತದೆ, ಅದಕ್ಕೂ ಅದೇ ಹೆಸರು ಹೇಳುವ ಜನ ಇರುತ್ತಾರೆ ಎಂದು ಔರಾದ ಗಾಡಿಯ ಕಂಡಕ್ಟರನಿಗೆ ಹೇಗೆ ಗೊತ್ತಾಗಬೇಕು?

ಮೊದಲು ನಕ್ಕವನು ಮುನೀರೋದ್ದೀನ. "ಯಾ ಅಲ್ಲಾ!" ಎಂದ. "ಅಂವ ನೆರಳ ಕೊಡೋ ಗಿಡ ಕೇಳ್ಯಾನೋ ಮಂಡ್ಯಾ! ಬೇವು! ಆಲ! ಅಂಥಾದ್ದು!"

"ಅಂದ್ರೆ ಮರಾನಾ?" ಮಂಡ್ಯಾ ಕಣ್ಣರಳಿಸಿದ. "ಮರ ಅಂದಿದ್ರೆ ಮರಾನೇ ಕಳಿಸ್ತಿದ್ನಲ್ಲಾ ಸಾರ್!"

"ಮರ ಅಂದ್ರ ಜ್ವಾಳಾ ಕೇರೋದಲ್ಲೋ ತಮ್ಮಾ," ಎಂದಳು ವತ್ಸಲಾಬಾಯಿ. "ಅದನ್ನ ಯಾರ ಅಂಗಳದಾಗ ಹಚ್ತಾರ?"

"ಎಲ್ಲಾರೂ ಸುಮ್ನಿರ್ರಿ!" ಮಾರ್ಗರೆಟ ಎದ್ದು ನಿಂತಿದ್ದಳು. ವಾರ್ಡಿನಲ್ಲಿ ಬಳಸುತ್ತಿದ್ದ ದನಿ ಅದು. "ತಮ್ಮಾ, ಅವರು ಏನೇನಂದ್ರು? ಒಂದೂ ಬಿಡಬ್ಯಾಡ, ಹೇಳು."

ಮಂಡ್ಯಾ ಗಂಟಲು ಸರಿಮಾಡಿಕೊಂಡ. "ಸೋಮವಾರ ಫೋನ್ ಮಾಡಿದ್ರಮ್ಮಾ. ನೆರಳಿನ ಗಿಡ ಬೇಕು, ಅಂಗಳ ಪೂರ್ತಿ ತುಂಬ್ಬೇಕು ಅಂದ್ರು. ಅದಕ್ಕೇ ಒಂದು ಟೆಂಪೋ ಕಳಿಸ್ದೆ. ಗುರುವಾರ ಮನೆಯವರು ತಂಗಿ ಊರಿಗೆ ಹೋಗ್ತಾರೆ, ಸಂಜೆ ಬರೋದ್ರೊಳಗೆ ನೆಟ್ಟು ಮುಗಿಸ್ಬಿಡಿ ಅಂದ್ರು. ಬೇರು ಗಟ್ಟಿಯಾಗಿರ್ಬೇಕು, ಈ ಸಲ ಯಾರೇ ಬಂದು ಕಿತ್ರೂ ಬರಬಾರದು ಅಂದ್ರು. ಈ ಹುಲ್ಲು ಹಂಗೇನೇ, ಬೇರು ಬಿಟ್ರೆ ಬರಲ್ಲ."

"ದನಿ ಹ್ಯಾಂಗಿತ್ತು?"

"ದನೀನಾ?"

"ಮಾತಾಡುವಾಗ ದಮ್ಮು ಹತ್ತಿತ್ತೇನು? ನಡುನಡುವ ನಿಂದರಸ್ತಿದ್ರೇನು? ಸಣ್ಣ ದನಿಲಿಂದ ಮಾತಾಡಿದ್ರೇನು?"

"ಇಲ್ಲಮ್ಮಾ!" ಮಂಡ್ಯಾನಿಗೆ ಈ ಪ್ರಶ್ನೆಯೇ ವಿಚಿತ್ರವೆನಿಸಿತು. "ನಗ್ತಾನೇ ಇದ್ರು. ನಗು ತಡೆಯೋಕಾಗ್ದೆ ಎರಡು ಸಲ ಮಾತು ನಿಲ್ಸಿದ್ರು. ಕೊನೇಲಿ, 'ಈ ಸಲ ಸಿಸ್ಟರ್ ಸೋಲ್ತಾಳ ನೋಡು' ಅಂದ್ರು. ನಿಮ್ಮ ಅಕ್ಕ ತಂಗಿ ಯಾರೋ ಇರ್ಬೇಕು ಅಂದ್ಕೊಂಡೆ."

ಮಾರ್ಗರೆಟ ಮೆಟ್ಟಿಲ ಮೇಲೆ ಕುಸಿದು ಕೂತಳು. ಜೂಲಿ ಹಿಡಿಯಲು ಓಡಿದಳು. ತಾಯಿಯ ಭುಜ ಅಲುಗುತ್ತಿದ್ದುದನ್ನು ನೋಡಿ ಅಳುತ್ತಿದ್ದಾಳೆಂದೇ ತಿಳಿದು ತಬ್ಬಿಕೊಂಡಳು. ಅಳುವಲ್ಲ. ಮಾರ್ಗರೆಟ ನಗುತ್ತಿದ್ದಳು. ಬಾಯಿಗೆ ಬಿಳಿ ಸೆರಗು ಒತ್ತಿಕೊಂಡು, ಉಸಿರು ಸಿಗದಷ್ಟು ನಗುತ್ತಿದ್ದಳು. ಮೂರು ಸಲ ಕೇಳಿದ್ದು ಅದಕ್ಕೆ! ಸಂಜೆ ಗಾಡಿಗೇ ಬಾ ಎಂದದ್ದು ಅದಕ್ಕೆ! ಕೈ ತಟ್ಟಿದ್ದು ಕೂಡ ಅದಕ್ಕೇ, ಕಳ್ಳ!

"ಸೋತಿಲ್ಲ," ಎಂದಳು ಕಣ್ಣೊರಸಿಕೊಳ್ಳುತ್ತ. "ಭಾಯ್, ನಮ್ಮವರು ಸೋತಿಲ್ಲರಿ. ಕಡೀತನಕಾ ನನಗ ಮೋಸ ಮಾಡಾಕೇ ನೋಡ್ಯಾರ!"

"ನಾ ಮುಂಜಾನಿಂದ ಅದನ್ನೇ ಅನ್ನಾಕತ್ತೇನಿ," ಎಂದ ಮುನೀರೋದ್ದೀನ. ಅವನ ಕಣ್ಣಲ್ಲೂ ನೀರಿತ್ತು.

ಆಮೇಲೆ ಮಾರ್ಗರೆಟ ಅತ್ತಳು. ಹದವಾಗಿ ಅಲ್ಲ, ಮನಸಾರೆ ಅತ್ತಳು. ಅತ್ತು ಮುಗಿಸಿ ತಟ್ಟೆ ಕೇಳಿ, ಒಂದು ರೊಟ್ಟಿ ತಿಂದಳು.

"ತಪ್ಪಾಯ್ತಮ್ಮಾ," ಎಂದ ಮಂಡ್ಯಾ ಅಲ್ಲೇ ನಿಂತಿದ್ದವನು. "ಹುಲ್ಲು ಕಿತ್ತುಕೊಂಡು ಹೋಗ್ತೀನಿ. ನಾಳೆ ಮರ ತಂದು ನೆಡ್ತೀನಿ."

"ಹುಲ್ಲು ಮುಟ್ಟಿದ್ರ ನೋಡು! ಅದು ನಂದು. ಅವರ ಬಾಯಿಂದ ಬಂದದ್ದು." ಮಾರ್ಗರೆಟ ಕೈ ತೊಳೆದಳು. "ನಾಳಿಗಿ ಗಿಡಾನೂ ತಗೊಂಡ ಬಾ. ಬೇವು. ನಡು ಅಂಗಳದಾಗ ಹಚ್ಚು."

"ಅದು ದೊಡ್ಡದಾಗಿ ನೆರಳು ಬೀಳೋಕೆ ವರ್ಷಗಳು ಬೇಕಮ್ಮಾ. ಅಲ್ಲೀವರೆಗೆ ಹುಲ್ಲಿನ ಮೇಲೆ ಹಸಿರು ಬಲೆ ಕಟ್ಟಿಕೊಡ್ತೀನಿ. ಆದ್ರೆ ಅದೂ ನಾಳೆಗೇ. ಇವತ್ತಿನ ಬಿಸಿಲು ಒಂದು ತಡ್ಕೊಂಡ್ರೆ ಬದುಕುತ್ತೆ."

ಮಾರ್ಗರೆಟ ಬಿಸಿಲನ್ನು ನೋಡಿದಳು. ಹುಲ್ಲಿನ ಗರಿಗಳು ಆಗಲೇ ತುದಿ ಬಾಗಿಸಿದ್ದವು. ಪೆಂಡಾಲಿನವರು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಗಾಡಿಗೆ ಏರಿಸುತ್ತಿದ್ದರು. ಆಕೆ ಹೋಗಿ ಒಂದು ಕುರ್ಚಿಯನ್ನು ಎಳೆದುಕೊಂಡು ಬಂದಳು. ಗೇಟಿನ ಕಡೆ, ಹುಲ್ಲಿನ ಸಾಲಿಗೂ ಸೂರ್ಯನಿಗೂ ನಡುವೆ ಹಾಕಿ, ಬಿಸಿಲಿಗೆ ಬೆನ್ನು ಕೊಟ್ಟು ಕೂತಳು.

"ಮಮ್ಮಿ! ಬಿಸಲಾಗ ಯಾಕ ಕೂತಿ?"

ಮಾರ್ಗರೆಟ ಸೆರಗನ್ನು ಎರಡೂ ಕೈಯಿಂದ ಅಗಲಿಸಿದಳು. ಅವಳ ನೆರಳು ಅಗಲವಾಗಿ ಎರಡು ಗುಚ್ಛಗಳ ಮೇಲೆ ಬಿತ್ತು.

ವತ್ಸಲಾಬಾಯಿ ಅದನ್ನು ನೋಡಿದಳು. ಬಡಿಸುವ ಸೌಟನ್ನು ಕೆಳಗಿಟ್ಟು, ಇನ್ನೊಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿಕೊಂಡಳು. ಮುನೀರೋದ್ದೀನ ತನ್ನ ಕುರ್ಚಿ ತಂದು ಛತ್ರಿ ಬಿಚ್ಚಿದ. "ಏ, ಕುರ್ಚಿ ಇರಲಿ, ಹೊತ್ತು ಮುಳುಗಿದ ಮ್ಯಾಲ ಒಯ್ಯಿರಿ," ಎಂದು ಪೆಂಡಾಲಿನವರಿಗೆ ಕೂಗಿದ. ಜೂಲಿ ಬಂದಳು. ಪಾಸ್ಟರು ಬಂದರು. ಮಂಡ್ಯಾ ಕುರ್ಚಿ ಸಿಗದೆ ಸಾಲಿನ ಕೊನೆಯಲ್ಲಿ ನಿಂತುಕೊಂಡ. ಮಣ್ಣಿಗೆ ಬಂದವರೆಲ್ಲ ಗೇಟಿನಿಂದ ಗೋಡೆಯವರೆಗೆ ಒಂದೇ ಸಾಲಾಗಿ ಬೆನ್ನು ಸುಡಿಸಿಕೊಳ್ಳುತ್ತ ಕೂತು, ಚಹಾ ಕುಡಿಯುತ್ತ, ಗಟ್ಟಿಯಾಗಿ ಹರಟೆ ಹೊಡೆದರು. ಗಿಡವಿಲ್ಲದ ಅಂಗಳದಲ್ಲಿ ಅವರ ತಲೆ ಭುಜಗಳ ನೆರಳೆಲ್ಲ ಒಂದಕ್ಕೊಂದು ಕೂಡಿಕೊಂಡು ಹುಲ್ಲಿನ ಮೇಲೆ ಬಿದ್ದಿತ್ತು. ಬಿಸಿಲು ಸರಿದಂತೆ ಮಾರ್ಗರೆಟ ಕುರ್ಚಿಯನ್ನು ಒಂದು ಗೇಣು ಎಡಕ್ಕೆ ಸರಿಸಿದಳು, ಸಾಲಿಗೆ ಸಾಲೇ ಒಂದೊಂದು ಗೇಣು ಎಡಕ್ಕೆ ಸರಿಯಿತು.